ಘೋಸ್ಟ್: ಹಿಡಿತ ಎಲ್ಲಿಯವರೆಗೆ?

ಕೋಟಿಗಟ್ಟಲೆ ಸಾಲುಗಳಿರುವ ಟೇಬಲ್‌ನ ರಚನೆಯನ್ನು, ಜನ ಅದನ್ನು ಬಳಸುತ್ತಿರುವಾಗಲೇ ಬದಲಿಸುವುದು ಮೈಎಸ್‌ಕ್ಯೂಎಲ್ ಡೇಟಾಬೇಸ್ ನೋಡಿಕೊಳ್ಳುವವರಿಗೆ ಬಹುಕಾಲ ಎದೆನಡುಕದ ಕೆಲಸವಾಗಿತ್ತು. ಹಳೆಯ ಆವೃತ್ತಿಗಳಲ್ಲಿ ‘ಆಲ್ಟರ್ ಟೇಬಲ್’ ಎಂದರೆ ಸಾಮಾನ್ಯವಾಗಿ ಇಡೀ ಟೇಬಲ್ ನಕಲಾಗಬೇಕು. ಅಲ್ಲಿಯವರೆಗೆ ಅದಕ್ಕೆ ಬರೆಯಬೇಕಾದವರೆಲ್ಲ ಕಾಯಬೇಕು. ಇದಕ್ಕೆ ಪರಿಹಾರವಾಗಿ ಗಿಟ್‌ಹಬ್ 2016ರಲ್ಲಿ ಹೊರತಂದ ಮುಕ್ತ ತಂತ್ರಾಂಶವೇ ‘ಘೋಸ್ಟ್’.

ಉಪಾಯವೇನೂ ಹೊಸದಲ್ಲ. ಹೊಸ ರಚನೆಯ ಖಾಲಿ ಟೇಬಲೊಂದನ್ನು ಪಕ್ಕದಲ್ಲಿ ಮಾಡಿ, ಸಾಲುಗಳನ್ನು ಕಂತುಕಂತಾಗಿ ಸಾಗಿಸಿ, ಕೊನೆಗೆ ಹೆಸರು ಅದಲುಬದಲು ಮಾಡುವುದು. ಫೇಸ್‌ಬುಕ್ ಮತ್ತು ಪರ್ಕೋನಾದ ಉಪಕರಣಗಳು ಇದನ್ನು ಮೊದಲೇ ಮಾಡುತ್ತಿದ್ದವು. ಆದರೆ ಸಾಗಣೆಯ ನಡುವೆ ಬರುವ ಬದಲಾವಣೆಗಳನ್ನು ಹಿಡಿಯಲು ಅವು, ಪ್ರತಿ ಬದಲಾವಣೆಗೂ ತಾವಾಗಿಯೇ ಓಡುವ ಟ್ರಿಗರ್‌ಗಳನ್ನು ನೆಚ್ಚಿಕೊಂಡಿದ್ದವು. ಸರ್ವರ್ ಏದುಸಿರು ಬಿಡುತ್ತಿದೆಯೆಂದು ನಕಲು ನಿಲ್ಲಿಸಿದರೂ ಟ್ರಿಗರ್‌ಗಳು ನಿಲ್ಲುವುದಿಲ್ಲ. ಘೋಸ್ಟ್ ತಾನೂ ಒಂದು ರೆಪ್ಲಿಕಾ (ಮುಖ್ಯ ಸರ್ವರ್‌ನ ಪಡಿಯಚ್ಚು) ಎಂಬಂತೆ ನಟಿಸಿ, ಬದಲಾವಣೆಗಳ ದಾಖಲೆಯಾದ ಬಿನ್‌ಲಾಗ್ ಓದಿಕೊಳ್ಳುತ್ತದೆ. ಹಾಗಾಗಿ ನಿಲ್ಲು ಎಂದರೆ ನಿಜಕ್ಕೂ ನಿಲ್ಲುತ್ತದೆ. ರೆಪ್ಲಿಕಾಗಳು ಹಿಂದೆ ಬಿದ್ದರೆ ತಾನಾಗಿಯೇ ತಡೆದುಕೊಳ್ಳುತ್ತದೆ, ಕಂತಿನ ಗಾತ್ರವನ್ನು ಓಡುತ್ತಿರುವಾಗಲೇ ಬದಲಿಸಬಹುದು. ಹೆಸರು ಬದಲಿಸುವ ಗಳಿಗೆಯನ್ನೂ ಒಂದು ಫೈಲ್ ಇಟ್ಟು ಮುಂದೂಡಬಹುದು: ನಕಲು ನಡುರಾತ್ರಿ ಮುಗಿದರೂ ಡಿಬಿಎ ಬೆಳಿಗ್ಗೆ ಕಾಫಿ ಮುಗಿಸಿ ಬಂದು ಆ ಫೈಲ್ ಅಳಿಸಿದರಾಯಿತು. ಈ ಹಿಡಿತವೇ ಘೋಸ್ಟ್‌ನ ದೊಡ್ಡ ಗುಣ, ವೇಗವಲ್ಲ.

ಹೆಸರು ಬದಲಿಸುವ ಹಂತದಲ್ಲೂ ಜಾಣತನವಿದೆ. ಎರಡು ಕನೆಕ್ಷನ್‌ಗಳ ಲಾಕ್‌ಗಳನ್ನು ಹೊಂದಿಸಿ, ಟೇಬಲ್ ಇಲ್ಲ ಎಂಬ ಕ್ಷಣವೇ ಬಾರದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಈ ಎಚ್ಚರವೆಲ್ಲ ಮುಖ್ಯ ಸರ್ವರ್‌ಗೆ ಸೀಮಿತ. ರೆಪ್ಲಿಕಾಗಳಿಗೆ ತಲುಪುವುದು ಬರಿಯ ‘ರಿನೇಮ್’ ಆಜ್ಞೆ. ಅದು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಗಿಟ್‌ಹಬ್‌ನವರೇ 2021ರ ನವೆಂಬರ್ 27ರಂದು ಕಂಡರು. ದೊಡ್ಡ ಟೇಬಲೊಂದರ ರಚನಾ ಬದಲಾವಣೆ ಕೊನೆಯ ರಿನೇಮ್‌ಗೆ ಬಂದಾಗ ಹಲವು ರೆಪ್ಲಿಕಾಗಳು ಡೆಡ್‌ಲಾಕ್‌ನಲ್ಲಿ ಸಿಕ್ಕಿಕೊಂಡವು. ಸುಮಾರು ಮೂರು ಗಂಟೆ ಸೇವೆ ಕುಂಟಿತು. ದತ್ತಾಂಶ ಕೆಡಲಿಲ್ಲ, ನಿಜ. ಆದರೂ ವಾರಗಟ್ಟಲೆ ಹುಷಾರಾಗಿ ನಡೆಯಬಲ್ಲ ಕೆಲಸದ ಅಪಾಯ ಅದರ ಕೊನೆಯ ಕೆಲವು ಕ್ಷಣಗಳಲ್ಲಿ ಕೂತಿರುತ್ತದೆ.

ಇನ್ನೊಂದು ಕೊರತೆ ಹೆಚ್ಚು ಜನರನ್ನು ಕಾಡುವಂಥದ್ದು. ಒಂದು ಟೇಬಲನ್ನು ಇನ್ನೊಂದಕ್ಕೆ ಕಟ್ಟುವ ಫಾರಿನ್ ಕೀ ಇರುವ ಟೇಬಲ್‌ಗಳಿಗೆ ಘೋಸ್ಟ್ ನೆರವಾಗುವುದಿಲ್ಲ. ಫಾರಿನ್ ಕೀ ಬಳಸದಿರುವುದು ಗಿಟ್‌ಹಬ್‌ಗೆ ಒಗ್ಗಿದ ಶಿಸ್ತು. ಅದನ್ನು ನೆಚ್ಚಿಕೊಂಡು ಬ್ಯಾಂಕ್ ಅಥವಾ ಲೆಕ್ಕಪತ್ರದ ತಂತ್ರಾಂಶ ಬರೆಯುವವರಿಗೆ ಘೋಸ್ಟ್ ಮುಚ್ಚಿದ ಬಾಗಿಲು, ಅವರು ಪರ್ಕೋನಾದ ಟ್ರಿಗರ್ ದಾರಿಯನ್ನು ಹಿಡಿಯಬೇಕಾಗಬಹುದು.

ಮೇಲಾಗಿ, ಮೈಎಸ್‌ಕ್ಯೂಎಲ್ 8.0.12ರಿಂದ ಕೊನೆಗೊಂದು ಕಾಲಂ ಸೇರಿಸುವುದು ಕ್ಷಣದ ಕೆಲಸ. ಬರಿಯ ಕಾಲಂ ಸೇರಿಸಲು ಘೋಸ್ಟ್ ಓಡಿಸುವುದು ಈಗ ಅಭ್ಯಾಸಬಲವೇ ಹೊರತು ಅಗತ್ಯವಲ್ಲ. ಇಂಟ್ ಐಡಿಯನ್ನು ಬಿಗ್‌ಇಂಟ್ ಮಾಡುವಂಥ ಬದಲಾವಣೆಗೆ ಮಾತ್ರ ಇಂದಿಗೂ ಇಡೀ ಟೇಬಲ್ ನಕಲಾಗಲೇಬೇಕು, ಅಲ್ಲಿ ಅದಕ್ಕೆ ಕೆಲಸ ಇನ್ನೂ ಉಳಿದಿದೆ.