ಐದನೇ ಆಯಾಮಕ್ಕೆ ಗಡುವು ಕೊಡುವವರು ಯಾರು?

ಬೆಂಗಳೂರಿನ ರಾಜಾಜಿನಗರದಿಂದ ಯಶವಂತಪುರದ ಕಡೆಗೆ ಹೋದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ 2012ರಲ್ಲಿ ಒಂದು ಪ್ರಬಂಧ ಹೊರಬಂತು. ಬರೆದವರು ಅಭಿಷೇಕ್ ಅಯ್ಯರ್ ಮತ್ತು ಸುಧೀರ್ ವೇಂಪಾಟಿ. ಹೆಚ್ಚುವರಿ ಆಯಾಮಗಳ ಹುಡುಕಾಟದ ಬಲವೂ ದೌರ್ಬಲ್ಯವೂ ಇದೊಂದರಲ್ಲೇ ಸಿಗುತ್ತವೆ ಎಂಬ ಕಾರಣಕ್ಕೆ ಅದನ್ನಿಲ್ಲಿ ಎತ್ತಿಕೊಂಡಿದ್ದೇನೆ.

ಪ್ರಬಂಧದ ಹಿಂದಿನ ಪ್ರಶ್ನೆ ಇದು: ಮ್ಯುಯಾನ್ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ಟೌ ಮೂರೂವರೆ ಸಾವಿರ ಪಟ್ಟು. ಒಂದೇ ಮನೆತನದ ಕಣಗಳಲ್ಲಿ ಇಷ್ಟೊಂದು ಏರುಪೇರು ಏಕೆ? ಲೀಸಾ ರಾಂಡಲ್ ಮತ್ತು ರಾಮನ್ ಸಂಡ್ರಮ್ 1999ರಲ್ಲಿ ಮುಂದಿಟ್ಟ ಬಾಗಿದ ಐದನೇ ಆಯಾಮದಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಸಿಗುತ್ತದೆ. ಆ ಆಯಾಮದ ಒಂದು ತುದಿಯಲ್ಲಿ ಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಇದೆ. ಅದರ ಸಮೀಪಕ್ಕೆ ಸರಿದ ಕಣ ಭಾರ, ದೂರ ಉಳಿದದ್ದು ಹಗುರ. ಬೆಂಗಳೂರಿನ ಲೇಖಕರು ಇದನ್ನು ನ್ಯೂಟ್ರಿನೊಗಳಿಗೂ ಸೇರಿಸಿ ಲೆಕ್ಕ ಹಾಕಿದರು. ಡಿರಾಕ್ ಬಗೆಯ (ಅಂದರೆ ತನ್ನ ಪ್ರತಿಕಣಕ್ಕಿಂತ ಬೇರೆಯಾದ) ನ್ಯೂಟ್ರಿನೊ ಎಂದಿಟ್ಟುಕೊಂಡಾಗ ಅಂಕಿಗಳು ಚೆನ್ನಾಗಿಯೇ ಹೊಂದಿದವು. ಆದರೆ ಆ ಲೆಕ್ಕದ ಪ್ರಕಾರ ಮ್ಯುಯಾನ್ ಆಗಾಗ ಎಲೆಕ್ಟ್ರಾನ್ ಆಗಿ ಬದಲಾಗಿ ಒಂದು ಫೋಟಾನ್ ಹೊರಹಾಕಬೇಕು. ಇವತ್ತಿನವರೆಗೆ ಯಾವ ಪ್ರಯೋಗವೂ ಅದನ್ನು ಕಂಡಿಲ್ಲ. ಹಾಗಾಗಿ ಚೆನ್ನಾಗಿ ಹೊಂದಿದ ಜಾಗದಲ್ಲಿ ಬಹುಪಾಲು ಬಿದ್ದುಹೋಗುತ್ತದೆ ಎಂದು ಲೇಖಕರೇ ತೋರಿಸುತ್ತಾರೆ. ತಾವು ಕಟ್ಟಿದ್ದನ್ನು ತಾವೇ ತಟ್ಟಿ ನೋಡುವ ಈ ಪ್ರಾಮಾಣಿಕತೆಗೆ ನನ್ನ ಪೂರ್ತಿ ಅಂಕ.

ಪ್ರಬಂಧದ ಮುಂದಿನ ಭಾಗದಲ್ಲಿ ನನಗೆ ತಕರಾರಿದೆ. ಹೀಗೆ ಒಂದು ಬಗೆಯ ಕಣ ಇನ್ನೊಂದಾಗುವ ಫ್ಲೇವರ್ ಬದಲಾವಣೆಗೆ ಕಡಿವಾಣ ಹಾಕುವ ಒಂದು ಹೆಚ್ಚಿನ ನಿಯಮ ಸೇರಿಸಿಕೊಂಡರೆ, ಐದನೇ ಆಯಾಮದಿಂದ ಬರಬೇಕಾದ 3 ಟಿಇವಿ ಆಸುಪಾಸಿನ ಹೊಸ ಕಣಗಳಿಗೆ ಮತ್ತೆ ಜಾಗವಾಗುತ್ತದೆ. (ಒಂದು ಟಿಇವಿ ಎಂದರೆ ಪ್ರೋಟಾನಿನ ದ್ರವ್ಯರಾಶಿಯ ಸುಮಾರು ಸಾವಿರ ಪಟ್ಟು.) ಗಣಿತದಲ್ಲಿ ತಪ್ಪಿಲ್ಲ, ಈ ಹಾದಿಯನ್ನು ಇವರಿಬ್ಬರೇ ತುಳಿದದ್ದೂ ಅಲ್ಲ. ಆದರೆ ಪ್ರತಿ ಸೋಲಿಗೂ ಒಂದೊಂದು ನಿಯಮ ಸೇರುತ್ತ ಹೋದರೆ ಆ ಸಿದ್ಧಾಂತ ಸೋಲುವುದಾದರೂ ಯಾವಾಗ?

ಪ್ರಯೋಗದವರ ಕೆಲಸ ಇದಕ್ಕಿಂತ ಬಿಗಿ. 1998ರಲ್ಲಿ ಅರ್ಕಾನಿ-ಹಮೆದ್, ಡಿಮೊಪೌಲೋಸ್, ದ್ವಾಲಿ ಮೂವರು ಗುರುತ್ವ ದುರ್ಬಲವಾಗಿ ಕಾಣುವುದು ಅದು ಬೇರೆ ಆಯಾಮಗಳಿಗೂ ಹರಡಿಹೋಗುವುದರಿಂದ ಇರಬಹುದು ಎಂದರು. ಹಾಗಿದ್ದರೆ ಪ್ರೋಟಾನುಗಳ ಡಿಕ್ಕಿಯಲ್ಲಿ ಗುರುತ್ವವನ್ನು ಹೊರುವ ಕಣವಾದ ಗ್ರಾವಿಟಾನ್ ಹುಟ್ಟಿ ಕಾಣದ ಕಡೆಗೆ ಜಾರಿಕೊಳ್ಳಬೇಕು. ಕೇರಂ ಬೋರ್ಡಿನ ನಡುವೆ ಗುಂಪಾಗಿಟ್ಟ ಕಾಯಿಗಳಿಗೆ ಸ್ಟ್ರೈಕರ್ ನೇರವಾಗಿ ಬಡಿದಾಗ ಕಾಯಿಗಳೆಲ್ಲ ಎಡಕ್ಕೇ ಚಿಮ್ಮಿ ಬಲಕ್ಕೆ ಒಂದೂ ಹೋಗದಿದ್ದರೆ, ಬಲಗಡೆಯ ಕಾಯಿ ಯಾರೋ ಎತ್ತಿಕೊಂಡಿದ್ದಾರೆ ಎಂದು ಅನುಮಾನ ಬರುವುದಿಲ್ಲವೇ? ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ಹುಡುಕುವುದೂ ಅಂಥದ್ದನ್ನೇ: ಒಂದು ಬದಿಗೆ ಕಣಗಳ ಜೆಟ್, ಎದುರು ಬದಿ ಖಾಲಿ. ತೊಡಕೆಂದರೆ ಜೆಡ್ ಬೋಸಾನ್ ನೂರಕ್ಕೆ ಇಪ್ಪತ್ತು ಸಲ ಯಂತ್ರಕ್ಕೆ ಕಾಣದ ನ್ಯೂಟ್ರಿನೊಗಳಾಗಿ ಒಡೆದು ಇದೇ ನೋಟ ಕೊಡುತ್ತದೆ. ಹಾಗಾಗಿ ಜೆಡ್ ಮ್ಯುಯಾನುಗಳಾಗಿ ಒಡೆದ ಘಟನೆಗಳನ್ನು ಎಣಿಸಿ, ಅದರಿಂದ ನ್ಯೂಟ್ರಿನೊ ಪಾಲನ್ನು ಅಂದಾಜಿಸಿ, ಉಳಿದದ್ದೇನಾದರೂ ಇದೆಯೇ ಎಂದು ನೋಡುತ್ತಾರೆ. ಇದುವರೆಗೆ ಏನೂ ಉಳಿದಿಲ್ಲ. ಒಂದು ಟಿಇವಿಯಷ್ಟರಲ್ಲೇ ಸಿಗಬಹುದೆಂದಿದ್ದ ಗುರುತ್ವ ಬಲವಾಗತೊಡಗುವ ಮೂಲ ಶಕ್ತಿಮಟ್ಟ, ಎರಡು ಹೆಚ್ಚುವರಿ ಆಯಾಮಗಳಾದರೆ ಸುಮಾರು 11, ಆರಾದರೆ ಸುಮಾರು 6 ಟಿಇವಿಯ ಆಚೆಗೆ ಸರಿದಿದೆ. ಇದನ್ನು ವೈಫಲ್ಯ ಎನ್ನುವವರ ಜೊತೆ ನಾನಿಲ್ಲ. ಇಂತಿಷ್ಟರೊಳಗೆ ಇಲ್ಲ ಎಂದು ಖಚಿತವಾಗಿ ಹೇಳುವುದೂ ಜ್ಞಾನವೇ.

ಹೋಲಿಕೆಗೆ 2015ರ ಡಿಸೆಂಬರ್ ನೆನೆಯಿರಿ. ಅದೇ ಯಂತ್ರದ ದತ್ತಾಂಶದಲ್ಲಿ 750 ಜಿಇವಿ, ಅಂದರೆ ಮುಕ್ಕಾಲು ಟಿಇವಿಯಲ್ಲಿ ಎರಡು ಫೋಟಾನುಗಳ ಒಂದು ಉಬ್ಬು ಕಂಡದ್ದೇ ತಡ, ಕೆಲವೇ ತಿಂಗಳಲ್ಲಿ ನೂರಾರು ಪ್ರಬಂಧಗಳು ಬಂದವು. ಅದು ಐದನೇ ಆಯಾಮದ ಗ್ರಾವಿಟಾನ್ ಎಂದವರೂ ಇದ್ದರು. 2016ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ನಡೆದ ಕಣಭೌತಶಾಸ್ತ್ರ ಸಮ್ಮೇಳನದ ಹೊತ್ತಿಗೆ ಹೆಚ್ಚಿನ ದತ್ತಾಂಶದಲ್ಲಿ ಉಬ್ಬು ಕರಗಿತ್ತು. ಅವಸರ ಯಾರದ್ದು, ತಾಳ್ಮೆ ಯಾರದ್ದು ಎಂಬುದು ಅಲ್ಲೇ ಗೊತ್ತಾಯಿತು.

ಈಗ ಎಲ್‌ಎಚ್‌ಸಿ ನಡೆಸುವ ಸಂಸ್ಥೆಯಾದ ಸರ್ನ್ ಸುಮಾರು 91 ಕಿ.ಮೀ. ಸುತ್ತಳತೆಯ ಇನ್ನೊಂದು ಸುರಂಗದ ಯೋಜನೆ ಹಿಡಿದು ಕೂತಿದೆ. ಈಗಿನದು 27 ಕಿ.ಮೀ. 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ರಾಷ್ಟ್ರ, ಅಂದರೆ ನಮ್ಮ ತೆರಿಗೆಯ ಪಾಲೂ ಅಲ್ಲಿದೆ. ಯಂತ್ರ ಬೇಡ ಎನ್ನಲಾರೆ. ಆದರೆ ಆಯಾಮಗಳ ಹೆಸರು ಹೇಳಿ ಅದನ್ನು ಕೇಳುವ ಸಿದ್ಧಾಂತಿಗಳು, ಬೆಂಗಳೂರಿನವರೂ ಸೇರಿ, ಎಷ್ಟು ಟಿಇವಿವರೆಗೆ ಕಾಣದಿದ್ದರೆ ತಮ್ಮ ಮಾದರಿಯನ್ನು ಕೈಬಿಡುತ್ತೇವೆ ಎಂಬುದನ್ನು ಯಂತ್ರ ಕಟ್ಟುವ ಮೊದಲೇ ಬರೆದುಕೊಡಲಿ.