ಐದು ರೂಪಾಯಿ ಪಾಕೀಟಿಗೆ ಬಿಲ್ ಎಲ್ಲಿಂದ ತರೋದು?

2025ರ ಬೇಸಿಗೆಯಲ್ಲಿ ಸಿಂಧನೂರಿನ ನಮ್ಮ ಅಕ್ಕನ ಸಣ್ಣ ಮಗನಿಗೆ ವಾಂತಿ-ಭೇದಿ ಶುರುವಾಯ್ತು. ರಾಯಚೂರು ಜಿಲ್ಲೆಯ ಬಿಸಿಲು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಅಕ್ಕ ಮೆಡಿಕಲ್ ಶಾಪಿಗೆ ಹೋಗಿ ‘ಓಆರ್‌ಎಸ್ ಕೊಡ್ರಿ’ ಅಂದಳು. ಅವರು ಪುಡಿಯ ಪಾಕೀಟು ಕೊಡಲಿಲ್ಲ. ಹಣ್ಣಿನ ಚಿತ್ರ ಇರುವ, ಜ್ಯೂಸಿನಂಥ ಡಬ್ಬಿ ಕೊಟ್ಟರು. ಹೆಸರಿನಲ್ಲಿ ಓಆರ್‌ಎಸ್ ಅನ್ನೋ ಮೂರಕ್ಷರ ಇತ್ತಲ್ಲ, ಅಕ್ಕನಿಗೆ ಅಷ್ಟೇ ಸಾಕಾಯ್ತು. ಹುಡುಗ ಖುಷಿಯಿಂದ ಮೂರು ಡಬ್ಬಿ ಕುಡಿದ. ಭೇದಿ ನಿಲ್ಲಲಿಲ್ಲ, ಹೆಚ್ಚಾಯ್ತು. ಮರುದಿನ ಸಲೈನ್ ಹಾಕಿಸಿದರು. ಈಗ ಆರಾಮಿದ್ದಾನೆ.

ಲಿಂಗಸುಗೂರಿನಲ್ಲಿ ವಕೀಲಿಕೆ ಮಾಡುವ ನನ್ನ ಪಿಯುಸಿ ಗೆಳೆಯನಿಗೆ ಫೋನ್ ಹಚ್ಚಿ, ಕೇಸ್ ಹಾಕಬಹುದೇನಲೇ ಅಂತ ಕೇಳಿದೆ.

‘ಬಿಲ್ ಐತೇನು?’

ಇರಲಿಲ್ಲ.

‘ಡಬ್ಬಿ ಇಟ್ಟೀರೇನು?’

ಕಸದ ಗಾಡಿಗೆ ಹೋಗಿತ್ತು.

‘ಇದರಿಂದನ ಹೆಚ್ಚಾತು ಅಂತ ಡಾಕ್ಟರ್ ಚೀಟಿಯೊಳಗ ಬರದಾರೇನು?’

ಯಾವ ಡಾಕ್ಟರ್ ಬರೀತಾರೆ?

‘ಹಂಗಾರ ಸುಮ್ನ ಮಕ್ಕೋ ಹೋಗು.’

ಅವನ ಮೇಲೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಡಬ್ಬಿಯಿಂದಲೇ ಹೆಚ್ಚಾಯ್ತು ಅಂತ ನಾನೂ ಎದೆ ತಟ್ಟಿ ಹೇಳಲಾರೆ. ನೀರಿನಿಂದ ಇರಬಹುದು, ಬಿಸಿಲಿನಿಂದ ಇರಬಹುದು. ಗೊತ್ತಿರೋದು ಇಷ್ಟು: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು. ಸಕ್ಕರೆ ಬಹಳ ಜಾಸ್ತಿಯಾದರೆ ಕರುಳು ನೀರನ್ನು ಒಳಗೆ ಎಳೆದುಕೊಳ್ಳೋ ಬದಲು ಹೊರಗೆ ಬಿಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಕೂಗಿ ಹೇಳಿದ್ದು ಇದನ್ನೇ. ಓಆರ್‌ಎಸ್ ಹೆಸರು ಹೊತ್ತ ಪಾನೀಯಗಳಲ್ಲಿ ಲೀಟರಿಗೆ 120 ಗ್ರಾಂ ಹತ್ತಿರದ ಸಕ್ಕರೆ ಇದೆ ಅಂತ ಅವರು ತೋರಿಸಿದರು. 2022ರಲ್ಲಿ ತೆಲಂಗಾಣ ಹೈಕೋರ್ಟಿಗೆ ಹೋದರು. ಆಹಾರ ಸುರಕ್ಷತಾ ಪ್ರಾಧಿಕಾರ ಅಂದರೆ ಎಫ್‌ಎಸ್‌ಎಸ್‌ಎಐ ಅದೇ ವರ್ಷ ಏಪ್ರಿಲ್‌ನಲ್ಲಿ ಆ ಹೆಸರು ಬಳಸಬೇಡಿ ಅಂತು, ಜುಲೈನಲ್ಲಿ ‘ಇದು ಆ ಸೂತ್ರದ ಓಆರ್‌ಎಸ್ ಅಲ್ಲ’ ಅಂತ ಒಂದು ಸಾಲು ಹಾಕಿಕೊಂಡು ಬಳಸಿ ಅಂತು. ಕೊನೆಗೆ 2025ರ ಅಕ್ಟೋಬರ್ 14ರಂದು ಆ ಅನುಮತಿ ವಾಪಸ್ ತಗೊಂಡಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಓಡಿದವು. ಒಬ್ಬರಿಗೆ ಸ್ವಲ್ಪ ದಿನದ ತಡೆ ಸಿಕ್ಕಿತು, ತಿಂಗಳ ಕೊನೆಗೆ ಇನ್ನೊಬ್ಬರಿಗೆ ಸಿಗಲಿಲ್ಲ.

ದೊಡ್ಡ ಗೆಲುವು, ಅನುಮಾನವೇ ಇಲ್ಲ. ಆದರೆ ಗೆದ್ದಿದ್ದು ಯಾವುದರ ಮೇಲೆ? ಒಂದು ಪದದ ಮೇಲೆ. ಅದೇ ಸಕ್ಕರೆ ನೀರು ಬೇರೆ ಹೆಸರಲ್ಲಿ ಅದೇ ಕಪಾಟಿನಲ್ಲಿ ಕೂರಬಹುದು.

ನಮ್ಮ ದೇಶದ ಇಂಥ ಕೇಸುಗಳನ್ನು ಒಂದೊಂದಾಗಿ ತೆಗೆದು ನೋಡಿ, ಎಲ್ಲದರ ಕಥೆ ಹೀಗೇ. 2015ರ ಮ್ಯಾಗಿ ಗಲಾಟೆ ನೆನಪಿರಬೇಕು, ನಮ್ಮ ಹಾಸ್ಟೆಲ್‌ಗಳಿಗೆಲ್ಲ ಅದು ರಾಷ್ಟ್ರೀಯ ಶೋಕವಾಗಿತ್ತು. ಜೂನ್‌ನಲ್ಲಿ ನಿಷೇಧ, ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟಿನಲ್ಲಿ ನಿಷೇಧ ರದ್ದು. ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಮಾನ್ಯತೆ ಇರಲಿಲ್ಲ, ಕಂಪನಿಯ ಮಾತು ಸರಿಯಾಗಿ ಕೇಳಿರಲಿಲ್ಲ. ಗ್ರಾಹಕರ ಪರವಾಗಿ ಕೇಂದ್ರ ಸರ್ಕಾರವೇ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಗಿ 640 ಕೋಟಿ ರೂಪಾಯಿ ಕೇಳಿತು. 2024ರ ಏಪ್ರಿಲ್‌ನಲ್ಲಿ ಅದೂ ವಜಾ ಆಯ್ತು. ಅಲ್ಲಿ ಜಗಳ ಇದ್ದದ್ದು ಸೀಸದ ಬಗ್ಗೆ, ಎಂಎಸ್‌ಜಿ ಬಗ್ಗೆ. ಮೈದಾ, ಉಪ್ಪು, ಎಣ್ಣೆ ಬಗ್ಗೆ ಅಲ್ಲ. ಅದೇ ತಿಂಗಳು ವಾಣಿಜ್ಯ ಸಚಿವಾಲಯ ಬೋರ್ನ್‌ವೀಟಾದಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಮತ್ತೆ ಪದ.

ನಮ್ಮ ಕರ್ನಾಟಕದ್ದು ಇನ್ನೂ ಮಜಾ ಇದೆ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ನಿಷೇಧಿಸಿದರು. ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಬಂದಿದ್ದವು. ರೋಡಮೈನ್-ಬಿ ಅನ್ನೋದು ಬಟ್ಟೆಯ ಬಣ್ಣ, ನಿಷೇಧ ಸರಿ. ತಪ್ಪಿದರೆ ಏಳು ವರ್ಷ ಜೈಲು, ಹತ್ತು ಲಕ್ಷ ದಂಡ ಅನ್ನೋ ಮಾತೂ ಬಂತು. ಮಸ್ಕಿ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯವನಿಗೆ ಜೈಲಿನ ಮಾತು. ಅವನ ಹಿಂದೆ ಡಬ್ಬದಂಗಡಿಯಲ್ಲಿ ಹಾರದ ಹಾಗೆ ತೂಗುಹಾಕಿದ ಪಾಕೀಟುಗಳಿಗೆ ಸಮಿತಿಯ ಮಾತು.

ಸೀಸ, ಬಣ್ಣ, ಹೆಸರು. ನಮ್ಮ ಕಾನೂನಿಗೆ ಕಾಣೋದು ಕಲಬೆರಕೆ ಮಾತ್ರ. ಆದರೆ ಈ ಪಾಕೀಟಿನ ತೊಂದರೆ ಕಲಬೆರಕೆ ಅಲ್ಲ. ಎಲ್ಲವೂ ನಿಯಮದ ಪ್ರಕಾರವೇ ಇದೆ. ನಿಯಮದ ಪ್ರಕಾರ ಮಾಡಿದ ವಸ್ತುವನ್ನೇ ಮಗು ದಿನಾ, ಹತ್ತು ವರ್ಷ ತಿಂದರೆ ಏನಾಗುತ್ತೆ ಅಂತ ಕೇಳುವ ಕಲಮು ನಮ್ಮಲ್ಲಿ ಯಾವುದಿದೆ? ‘ಅಲ್ಟ್ರಾ ಪ್ರೊಸೆಸ್ಡ್’ಗೆ ಸ್ಪಷ್ಟ ವ್ಯಾಖ್ಯೆ ಬೇಕು ಅಂತ 2025ರ ಜನವರಿಯಲ್ಲಿ ಸರ್ಕಾರದ ಆರ್ಥಿಕ ಸಮೀಕ್ಷೆಯೇ ಹೇಳಿತು. ಡಿಕ್ಲೇರ್ ಮಾಡದ ವೇರಿಯೇಬಲ್ ಮೇಲೆ ಕಂಡೀಶನ್ ಬರೆದ ಹಾಗಿದೆ ನಮ್ಮ ಪರಿಸ್ಥಿತಿ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಒಬ್ಬ ಹುಡುಗ 11 ದೊಡ್ಡ ಕಂಪನಿಗಳ ಮೇಲೆ ಕೇಸ್ ಹಾಕಿದ. 16ನೇ ವಯಸ್ಸಿಗೇ ಟೈಪ್ 2 ಸಕ್ಕರೆ ಕಾಯಿಲೆ, ಜೊತೆಗೆ ಫ್ಯಾಟಿ ಲಿವರ್. 2025ರ ಆಗಸ್ಟ್‌ನಲ್ಲಿ ಅದು ವಜಾ. ನೂರಾರು ಉತ್ಪನ್ನಗಳ ಹೆಸರಿದೆ, ಯಾವುದನ್ನು ಯಾವಾಗ ಎಷ್ಟು ತಿಂದೆ ಅಂತ ಇಲ್ಲ, ಅದರಿಂದಲೇ ಈ ಕಾಯಿಲೆ ಅನ್ನೋಕೆ ಸಾಲದು ಅಂತ. ಓದಿ ನಮ್ಮ ಆಫೀಸೇ ನೆನಪಾಯ್ತು. ‘ಸ್ಟೆಪ್ಸ್ ಟು ರಿಪ್ರೊಡ್ಯೂಸ್ ಇಲ್ಲ’ ಅಂತ ನಾವು ಟಿಕೆಟ್ ಕ್ಲೋಸ್ ಮಾಡ್ತೀವಲ್ಲ, ಹಾಗೆ. ಬಗ್ ಇಲ್ಲ ಅಂತ ಅಲ್ಲ, ತೋರಿಸೋ ಭಾರ ನಿಂದು ಅಂತ. ಬಾಲ್ಯದಲ್ಲಿ ತಿಂದಿದ್ದಕ್ಕೆ ಲಾಗ್ ಯಾರು ಇಡ್ತಾರೆ? ಲಿಂಗಸುಗೂರಿನ ಗೆಳೆಯ ಕೇಳಿದ್ದೂ ಇದನ್ನೇ.

ಅದಕ್ಕೇ 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಾಡಿದ್ದು ನನಗೆ ಹೆಚ್ಚು ಸರಿ ಅನ್ನಿಸಿತು. ಅಲ್ಲಿ ಕೋರ್ಟಿಗೆ ಹೋದದ್ದು ಯಾವುದೋ ಒಂದು ಮಗು ಅಲ್ಲ, ನಗರದ ವಕೀಲ ಡೇವಿಡ್ ಚಿಯು, 10 ಕಂಪನಿಗಳ ವಿರುದ್ಧ. ಒಂದೊಂದು ಮಗುವಿನ ಬಿಲ್ ಹುಡುಕೋ ಬದಲು, ಊರಿಗೇ ತೊಂದರೆ ಕೊಟ್ಟಿದ್ದೀರಿ, ದಾರಿ ತಪ್ಪಿಸಿ ಮಾರಿದ್ದೀರಿ ಅನ್ನೋ ವಾದ. ಗೆಲ್ಲುತ್ತೋ ಬಿಡುತ್ತೋ ಬೇರೆ ಮಾತು. ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಗ್ರಾಹಕರ ಒಂದು ವರ್ಗಕ್ಕೇ ಅನ್ಯಾಯ ಆಗಿದ್ದರೆ, ದಾರಿ ತಪ್ಪಿಸುವ ಜಾಹೀರಾತು ಇದ್ದರೆ, ಜಿಲ್ಲಾಧಿಕಾರಿ ತನಿಖೆ ಮಾಡಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕೊಡಬಹುದು. ವಕೀಲ ಗೆಳೆಯನಿಗೆ ಇದನ್ನು ಕಳಿಸಿದೆ. ಎರಡು ದಿನ ಬಿಟ್ಟು ‘ಹೌದಲ್ಲಲೇ’ ಅಂತ ಬಂತು.

ಇನ್ನು ಲೇಬಲ್. ಪಾಕೀಟಿನ ಮುಂಭಾಗಕ್ಕೆ ಎಚ್ಚರಿಕೆ ಹಾಕಬೇಕು ಅನ್ನೋ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಮೂರು ತಿಂಗಳ ಗಡುವು ಕೊಟ್ಟಿತು, ಜುಲೈನಲ್ಲಿ ಇನ್ನೂ ಮೂರು ತಿಂಗಳು ಕೊಟ್ಟಿತು. ಡೆಡ್‌ಲೈನ್ ವಿಷಯದಲ್ಲಿ ನಾನು ಯಾರನ್ನೂ ಬೈಯೋ ಹಾಗಿಲ್ಲ. ಆದರೆ ಚಿಲಿ ದೇಶ ಕಪ್ಪು ಅಷ್ಟಕೋನದ ಎಚ್ಚರಿಕೆ ತಂದದ್ದು 2016ರಲ್ಲಿ. ನಮ್ಮಲ್ಲಿ ಈಗಿರುವ ನಿಯಮ ಪಾಕೀಟಿನ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಅನ್ನುತ್ತದೆ. ಕನ್ನಡ ಹಾಕಿದರೆ ಬೇಡ ಅನ್ನಲ್ಲ, ಅಷ್ಟೇ. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡು ಹಿಡಿದದ್ದು, ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗೊತ್ತಾದದ್ದು ಅಲ್ಲೇ. ಅದೂ ಕನ್ನಡದಲ್ಲಿಲ್ಲ, ಪ್ರಾಕೃತದಲ್ಲಿದೆ. ಆದರೂ ಅವನು ಬಂಡೆಯ ಮೇಲೆ ಕೆತ್ತಿಸಿದ, ಪಾಕೀಟಿನ ಹಿಂದೆ ಮಡಿಕೆಯೊಳಗೆ ಅಲ್ಲ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಇಂಥ ತಿನಿಸು ಮಾರಬಾರದು ಅನ್ನೋ ನಿಯಮವೂ ಇದೆ. ದೆಹಲಿ ಹೈಕೋರ್ಟಿನ 2015ರ ತೀರ್ಪಿನ ಬೆನ್ನಿಗೆ 2020ರಲ್ಲಿ ಬಂದದ್ದು. ಬರೆದವರು ನಮ್ಮೂರು ನೋಡಿಲ್ಲ. ಸಿಂಧನೂರು-ಮಸ್ಕಿ ರಸ್ತೆಯಿಂದ ಒಳಗಿರುವ ನಮ್ಮ ಹಳ್ಳಿಯಲ್ಲಿ ಶಾಲೆಯ ಸುತ್ತ 50 ಮೀಟರ್ ಅಳೆದರೆ ಅರ್ಧ ಊರೇ ಬರುತ್ತದೆ, ನಮ್ಮ ದೊಡ್ಡಪ್ಪನ ಅಂಗಡಿಯೂ. ಅದು ಅಂಗಡಿ ಅಲ್ಲ, ಮನೆಯ ಪಡಸಾಲೆ. ಇದೇ ಶಾಲೆಯಲ್ಲಿ 2021ರ ಡಿಸೆಂಬರ್‌ನಿಂದ ಬಿಸಿಯೂಟಕ್ಕೆ ಮೊಟ್ಟೆ ಕೊಡೋಕೆ ಶುರು ಮಾಡಿದರು, ನಮ್ಮ ಕಡೆಯ ಜಿಲ್ಲೆಗಳಲ್ಲಿ ಮಕ್ಕಳು ಸೊರಗಿದ್ದಾರೆ ಅಂತ. ಒಳಗೆ ಮೊಟ್ಟೆ, ಗೇಟಿನ ಹೊರಗೆ ಐದು ರೂಪಾಯಿ ಪಾಕೀಟು.

ತಾಯಂದಿರಿಗೆ ಬುದ್ಧಿ ಹೇಳೋದು ನಮ್ಮಂಥವರ ಚಟ. ನಾವು ಬೆಂಗಳೂರಲ್ಲಿ ಆ್ಯಪ್‌ನಲ್ಲಿ ರಾಗಿ ಚಿಪ್ಸ್ ತರಿಸಿ ಹೆಲ್ದಿ ಅಂದುಕೊಳ್ತೀವಿ. ನೆಲ್ಲು ಹಚ್ಚೋಕೆ ಬೆಳಗ್ಗೆ ಆರಕ್ಕೆ ಟಂಟಂ ಹತ್ತುವ ಹೆಂಗಸಿಗೆ ಮಂಡಾಳು ಒಗ್ಗರಣೆ ಮಾಡಿಕೊಡೋಕೆ ಬರಲ್ಲ ಅಂತಲ್ಲ. ಹೊತ್ತಿಲ್ಲ, ಅದಕ್ಕೇ ಮಗುವಿನ ಕೈಗೆ ಹತ್ತು ರೂಪಾಯಿ ಇಟ್ಟು ಹೋಗುತ್ತಾಳೆ. ಹತ್ತು ರೂಪಾಯಿಗೆ ಏನು ಸಿಗಬೇಕು ಅಂತ ಲೆಕ್ಕ ಹಾಕಿದವರು ಬೇರೆ ಎಲ್ಲೋ ಕೂತಿದ್ದಾರೆ.

ಮೊನ್ನೆ ಊರಿಗೆ ಹೋದಾಗ, ಅರ್ಜಿಗೆ ಜೊತೆ ಹಚ್ಚೋಕೆ ಏನಾದರೂ ಇರಲಿ ಅಂತ ದೊಡ್ಡಪ್ಪನ ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಯ 20 ಪಾಕೀಟು ತಗೊಂಡೆ. ನೂರು ರೂಪಾಯಿ ಕೊಟ್ಟು ಬಿಲ್ ಕೇಳಿದೆ. ದೊಡ್ಡಪ್ಪ ನನ್ನ ಮುಖ ನೋಡಿದ. ಆಮೇಲೆ ಉದ್ರಿ ಪುಸ್ತಕದ ಕೊನೆಯ ಹಾಳೆ ಹರಿದು, ಪಾಕೀಟು 20, ರೂಪಾಯಿ 100 ಅಂತ ಬರೆದ. ಅಂಗಡಿ ಹೆಸರೂ ಬರೀ ಅಂದೆ.

‘ಅಂಗಡಿಗೆ ಹೆಸರೆಲ್ಲಿ ಐತೋ ತಮ್ಮಾ,’ ಅಂದ. ‘ನಿಮ್ಮ ದೊಡ್ಡವ್ವಂದು ಬರೀಲೇನು?’