ಕ್ಯಾಸೆಟ್ಟಿನಲ್ಲಿ ಉಳಿದ ಪೆರ್ಡೂರು ಮೇಳ

ಪೆರ್ಡೂರಿನ ಅನಂತಪದ್ಮನಾಭ ದೇವರ ಹೆಸರು ಹೊತ್ತು ತಿರುಗಾಟ ಮಾಡುವ ಬಡಗುತಿಟ್ಟು ಯಕ್ಷಗಾನದ ಡೇರೆ ಮೇಳವೆಂದರೆ ಬಹಳ ಕಾಲ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರ ಕಂಠವೇ ನೆನಪಾಗುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಮೇಲೆ ಧ್ವನಿಮುದ್ರಿಕೆಗಳೇ ಗತಿ. ಅವು ಏನನ್ನು ಉಳಿಸಿವೆ ಎಂದು ಸ್ವಲ್ಪ ನಿಷ್ಠುರವಾಗಿಯೇ ನೋಡಬೇಕು.

ಸ್ಟುಡಿಯೋದಲ್ಲಿ ಮಾಡಿದ ಕ್ಯಾಸೆಟ್ಟುಗಳಲ್ಲಿ ಶ್ರುತಿ ಶುದ್ಧ, ಸಾಹಿತ್ಯ ಸ್ಪಷ್ಟ. ಪದ್ಯದ ಮಾತನ್ನು ನುಂಗದೆ, ರಾಗವನ್ನು ಹಿಗ್ಗಿಸಿ ಹಾಡುತ್ತಿದ್ದ ಧಾರೇಶ್ವರರ ಶೈಲಿಗೆ ಅದು ಒಪ್ಪುತ್ತಿತ್ತು ಕೂಡ. ಆದರೆ ಬೆಳಗಿನ ತನಕ ನಡೆಯುವ ಆಟವನ್ನು ಅರವತ್ತೋ ತೊಂಬತ್ತೋ ನಿಮಿಷಕ್ಕೆ ಇಳಿಸಿದರೆ ಮೊದಲು ಬಿದ್ದುಹೋಗುವುದು ವೇಷಧಾರಿಗಳ ಮಾತು, ಅಂದರೆ ಅರ್ಥಗಾರಿಕೆ, ಆಮೇಲೆ ಚೆಂಡೆ-ಮದ್ದಲೆಯ ಬಿಡ್ತಿಗೆ. ವೇಷಧಾರಿಯ ಹೆಜ್ಜೆ ನೋಡಿ ಕಾಲ ಏರಿಸುವುದು, ಮಾತು ಸಪ್ಪೆಯಾದಾಗ ಥಟ್ಟನೆ ಪದ್ಯ ಎತ್ತಿ ರಂಗ ಕಾಯುವುದು: ಭಾಗವತಿಕೆಯ ಜೀವ ಇರುವುದೇ ಅಲ್ಲಿ. ಎದುರಿಗೆ ವೇಷವೇ ಇಲ್ಲದಿದ್ದರೆ ಭಾಗವತರು ಬರೀ ಗಾಯಕರು. ಸೊಗಸಾದ ಗಾಯಕರು, ನಿಜ. ಆದರೆ ಒಂದಿಡೀ ಮೇಳವನ್ನು ಕುಣಿಸಿದವರನ್ನು ಅಷ್ಟಕ್ಕೇ ನಿಲ್ಲಿಸುವುದು ಅನ್ಯಾಯ.

ಆಟದ ಬಯಲಲ್ಲಿ ಅಭಿಮಾನಿಗಳು ಹಿಡಿದ ಟೇಪುಗಳು ಇದಕ್ಕೆ ತದ್ವಿರುದ್ಧ. ಮೈಕಿನ ಕೀರಲು, ಜನರ ಶಿಳ್ಳೆ, ಯಾರದೋ ಕೆಮ್ಮು, ಎಲ್ಲವೂ ಅವುಗಳಲ್ಲಿವೆ. ನನ್ನ ಓಟು ಇವಕ್ಕೇ. 1990ರಲ್ಲಿ ಅಪಘಾತಕ್ಕೆ ಬಲಿಯಾದ ಗುಂಡ್ಮಿಯ ಭಾಗವತ ಕಾಳಿಂಗ ನಾವಡರನ್ನೇ ನೋಡಿ. ಅವರ ಆಟ ನೋಡದ ತಲೆಮಾರಿಗೂ ಅವರ ಏರುಪದಗಳು ಬಾಯಿಪಾಠವಾದದ್ದು ಇಂಥ ಟೇಪುಗಳು ಕೈಯಿಂದ ಕೈಗೆ ದಾಟಿದ್ದರಿಂದ. ಮೇಲಿನ ಷಡ್ಜಕ್ಕೆ ನೆಗೆಯುವಾಗ ಹಿಂದಿನಿಂದ ಚೆಂಡೆ ಒದಗಿಬರುವ ಆ ಕ್ಷಣ ಸ್ಟುಡಿಯೋದಲ್ಲಿ ಹುಟ್ಟುವಂಥದ್ದಲ್ಲ.

ಈ ಟೇಪುಗಳಿಂದ ಹಾನಿಯೂ ಆಗಿದೆ. ಒಂದು ರಾತ್ರಿ ಕಂಠಕ್ಕೆ ತೋಚಿದಂತೆ ಹಾಡಿದ್ದು ಪದೇಪದೇ ಕೇಳಿ ಕೇಳಿ ಕಾಯಂ ಮಟ್ಟಾಯಿತು. ಈಗಿನ ಹಲವು ಭಾಗವತರಲ್ಲಿ ನಾವಡರ ಎಳೆತ, ಧಾರೇಶ್ವರರ ಆಲಾಪ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ, ಸನ್ನಿವೇಶ ಕೇಳಲಿ ಬಿಡಲಿ. ಗುರುವಾದರೆ ಗದರಿ ತಿದ್ದುತ್ತಿದ್ದರು, ಟೇಪು ತಿದ್ದುವುದಿಲ್ಲ.

ಅದಕ್ಕಿಂತ ದೊಡ್ಡ ಲೋಪ ಕ್ಯಾಸೆಟ್ಟುಗಳ ಹೊದಿಕೆಯ ಮೇಲಿದೆ. ಭಾಗವತರ ಫೋಟೋ ಇರುತ್ತದೆ, ಪ್ರಸಂಗದ ಹೆಸರೂ ಇರುತ್ತದೆ. ಎಷ್ಟೋ ಮುದ್ರಿಕೆಗಳಲ್ಲಿ ಆಟ ನಡೆದ ಊರು, ತಾರೀಖು ಇಲ್ಲ. ಮದ್ದಲೆ ಯಾರದು, ಚೆಂಡೆ ಯಾರದು ಎಂಬುದೂ ಇಲ್ಲ. ಆ ಕೈಗಳ ಪೆಟ್ಟು ಗುರುತಿಸಬಲ್ಲ ಹಳೆಯ ಪ್ರೇಕ್ಷಕರು ಪೆರ್ಡೂರು, ಹಿರಿಯಡಕದ ಸುತ್ತ ಇನ್ನೂ ಇದ್ದಾರೆ. ಟೇಪುಗಳನ್ನು ಡಿಜಿಟಲ್ ಮಾಡುತ್ತಿರುವವರು ಮೊದಲು ಅವರ ಎದುರು ಕೂತು ಹೆಸರುಗಳನ್ನು ಬರೆದುಕೊಳ್ಳಲಿ. ಗುರುಗುರು ಸದ್ದು ತೆಗೆಯುವ ಕೆಲಸ ಆಮೇಲೆ ನೋಡಿಕೊಂಡರಾಯಿತು.